ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಕಾಲ

ಮೈಸೂರಿನ ಮನೆಯಲ್ಲಿ ಯಾರಾದರೂ ವೀಗನ್ ಆದರೆ, ಅಂದರೆ ಹಾಲು ಮೊಟ್ಟೆ ಸೇರಿ ಪ್ರಾಣಿಗಳಿಂದ ಬಂದದ್ದೆಲ್ಲ ಬಿಟ್ಟರೆ, ಮೊದಲ ಏಟು ಬೀಳುವುದು ಕಾಫಿಗೆ. ಆಮೇಲೆ ಮೊಸರನ್ನಕ್ಕೆ. ಮೊಟ್ಟೆಯ ವಿಷಯಕ್ಕೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅದು ಮೊದಲೂ ಹೊಸಿಲು ದಾಟಿ ಬಂದಿರಲಿಲ್ಲ. ಆದರೆ ರಜಕ್ಕೆ ಬಂದ ಅಕ್ಕನ ಮಗಳು ತುಪ್ಪ ಬೇಡ ಅಂದಾಗ ಅಮ್ಮ ಅವಳ ಹಣೆ ಮುಟ್ಟಿ ನೋಡಿದರು. ಮೈಸೂರು ಪಾಕ್ ಹುಟ್ಟಿದ ಊರಲ್ಲಿ ಆಡುವ ಮಾತೇ ಅದು?

"ಹಾಲು ಕುಡಿದ್ರೆ ಪಾಪಾನಾ? ಕೃಷ್ಣ ಬೆಣ್ಣೆ ತಿಂತಿರಲಿಲ್ವಾ?"

"ಅಜ್ಜಿ, ಆ ಕಾಲದ ಹಸು ಬೇರೆ, ಈಗಿನ ಡೈರಿ ಬೇರೆ..."

ಇದು ರಾತ್ರಿ ಊಟದವರೆಗೂ ಎಳೆಯುವ ಮಾತು. ನಾನು ನಡುವೆ ಬಾಯಿ ಹಾಕಿ, ಸಂಜೆಗೆ ತಿಂಡಿ ಏನು ಮಾಡೋಣ ಅಂದೆ. "ಟಾರ್ಟ್ ಮಾಡೋಣ ಚಿಕ್ಕಮ್ಮ, ಖಾರದ್ದು" ಅಂದಳು.

ಟಾರ್ಟ್ ಅಂದರೆ ಹಿಟ್ಟಿನದೇ ಒಂದು ಅಗಲದ ಬಟ್ಟಲು. ಒಳಗೆ ಹೂರಣ, ಮೇಲೆ ಮುಚ್ಚಳ ಇಲ್ಲ. ಬೇಕರಿಯಲ್ಲಿ ಕಾಣುವುದು ಹೆಚ್ಚಾಗಿ ಸಿಹಿಯದು. ಖಾರದ ಪೈಕಿ ಫ್ರೆಂಚರ ಕೀಶ್ ಹೆಸರುವಾಸಿ: ಹಿಟ್ಟಿಗೆ ಬೆಣ್ಣೆ, ಹೂರಣಕ್ಕೆ ಮೊಟ್ಟೆ, ಕೆನೆ, ಚೀಸ್. ಇಷ್ಟನ್ನೂ ತೆಗೆದರೆ ಉಳಿಯುವುದು ಮೈದಾ ಮತ್ತು ಉಪ್ಪು. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಗೆಳೆಯರು ವೀಗನ್ ಸಂಘ ಕಟ್ಟಿದ್ದು 1944ರಲ್ಲಿ. ಯುದ್ಧದ ಕಾಲ, ಬೆಣ್ಣೆ ಮೊಟ್ಟೆ ಎಲ್ಲ ರೇಷನ್. ಬಿಡುವುದಕ್ಕೆ ಅದಕ್ಕಿಂತ ಒಳ್ಳೆ ಮುಹೂರ್ತ ಸಿಗುತ್ತಿರಲಿಲ್ಲ.

ವೀಗನ್ ಅಡುಗೆ ಬರೆಯುವವರ ಒಂದು ಅಭ್ಯಾಸ ನನಗೆ ಹಿಡಿಸುವುದಿಲ್ಲ. ಬೆಣ್ಣೆ ಬದಲು ಇದು, ಚೀಸ್ ಬದಲು ಅದು ಅಂತ ಉದ್ದಕ್ಕೂ ಹೋದವರ ನೆನಪನ್ನೇ ತೆಗೆಯುತ್ತಿರುತ್ತಾರೆ. ಚಿತ್ರಾನ್ನದಲ್ಲಿ ಚೀಸ್ ಇಲ್ಲ ಅಂತ ಯಾರಾದರೂ ಕಣ್ಣೀರು ಹಾಕಿದ್ದುಂಟಾ? ಹುರುಳಿಕಾಳು ಬಸ್ಸಾರು, ಹುಚ್ಚೆಳ್ಳು ಚಟ್ನಿ, ಅಕ್ಕಿರೊಟ್ಟಿ, ಇವು ಯಾವುದರ ಬದಲಿಗೂ ಬಂದವಲ್ಲ. ಹಾಗಾಗಿ ಬದಲಿ ಹುಡುಕುವ ಗೋಜೇ ಬೇಡ, ಕೈಗೆ ಗೊತ್ತಿರುವುದರಿಂದಲೇ ಶುರು ಮಾಡೋಣ ಅಂದುಕೊಂಡೆ.

ಹಿಟ್ಟಿನ ವಿಷಯಕ್ಕೆ ಬಂದರೆ, ಮೈದಾಕ್ಕೆ ನೀರು ಹಾಕಿ ನಾದಿದಷ್ಟೂ ಅದರೊಳಗಿನ ಗ್ಲುಟೆನ್ ಅನ್ನುವ ಅಂಟು ಎಳೆ ಕಟ್ಟುತ್ತದೆ. ಹೋಳಿಗೆ ಕಣಕಕ್ಕೆ ಅದೇ ಬೇಕು, ಎಳೆದಷ್ಟು ಬರಬೇಕು. ಟಾರ್ಟಿಗೆ ಅದು ಬೇಡ. ಮೊದಲು ಜಿಡ್ಡು ಹಿಟ್ಟಿಗೆ ಮೆತ್ತಿಕೊಂಡರೆ ನೀರು ಒಳಗೆ ಇಳಿಯುವುದು ಕಮ್ಮಿ, ಎಳೆಯೂ ಕಮ್ಮಿ. ಬೆಂದ ಮೇಲೆ ಬಾಯಲ್ಲಿ ಪುಡಿಪುಡಿಯಾಗುತ್ತದೆ. ನಿಪ್ಪಟ್ಟು ಮಾಡುವವರಿಗೆ ಇದನ್ನು ಹೇಳಿಕೊಡಬೇಕಾ? ಕಾದ ಎಣ್ಣೆ ಸುರಿದು, ಹಿಟ್ಟನ್ನು ಎರಡು ಅಂಗೈ ನಡುವೆ ಉಜ್ಜಿ, ಮುಷ್ಟಿ ಕಟ್ಟಿ ನೋಡುತ್ತಾರೆ. ಕಟ್ಟಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಉದುರಬೇಕು. ಮದ್ದೂರು ವಡೆಯ ಹಿಟ್ಟಿಗೂ ಜಿಡ್ಡನ್ನು ಹೀಗೇ ಉಜ್ಜುತ್ತಾರೆ. ವ್ಯತ್ಯಾಸ ಇಷ್ಟೇ, ನಿಪ್ಪಟ್ಟಿಗೆ ಎಣ್ಣೆ ಕಾದಿರಬೇಕು, ಟಾರ್ಟಿಗೆ ಜಿಡ್ಡು ತಣ್ಣಗೆ ಗಟ್ಟಿಯಾಗಿರಬೇಕು. ಗಟ್ಟಿ ಚೂರುಗಳು ಹಿಟ್ಟಿನ ನಡುವೆ ಹಾಗೇ ಉಳಿದು, ಓವನ್‌ನಲ್ಲಿ ಕರಗಿ, ತಾವಿದ್ದ ಜಾಗವನ್ನು ಪೊಳ್ಳು ಮಾಡುತ್ತವೆ.

ಈ ಗಟ್ಟಿ ಜಿಡ್ಡು ನಮ್ಮೂರಲ್ಲಿ ಡಿಸೆಂಬರ್ ತಿಂಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಬೆಳಗ್ಗೆ ಎದ್ದಾಗ ಕಿಟಕಿಯಲ್ಲಿಟ್ಟ ಬಾಟಲಿ ಬೆಳ್ಳಗಾಗಿರುತ್ತದೆ. ಚಮಚದ ಹಿಂಬದಿಯಿಂದ ಕೆದಕಿದ ಗುಳಿ ಮಧ್ಯದಲ್ಲಿ, ಸುತ್ತ ಮೇಣದ ಹಾಗೆ ಅಂಟಿದ ಎಣ್ಣೆ. ತಲೆಗೆ ಹಚ್ಚಬೇಕಾದರೆ ಬಿಸಿಲಿಗೆ ಇಡಬೇಕು, ಇಲ್ಲಾ ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಬೇಕು. ಏಪ್ರಿಲ್‌ನಲ್ಲಿ ಟಾರ್ಟ್ ಮಾಡುವವರು ಅದನ್ನು ಫ್ರಿಜ್ಜಿನಲ್ಲಿಟ್ಟು ಕಾಯಬೇಕು, ಆಗಲೂ ಕೈಯ ಬಿಸಿಗೇ ಕರಗಿಬಿಡುತ್ತದೆ. ನನ್ನ ಪ್ರಕಾರ ಇದು ಚಳಿಗಾಲದ ತಿಂಡಿಯೇ.

"ತಲೆಗೆ ಹಚ್ಚೋ ಎಣ್ಣೇಲಿ ಅಡುಗೆನಾ? ನಾವೇನು ಮಂಗಳೂರಿನವರಾ?" ಅಂದರು ಅಮ್ಮ. ಕಡಲೆಕಾಯಿ ಎಣ್ಣೆಯ ಮನೆ ನಮ್ಮದು. ಅಡುಗೆಗೆಂದೇ ಗಾಣದಲ್ಲಿ ಆಡಿಸಿದ್ದು ತಂದಿದ್ದೇನೆ ಅಂತ ತೋರಿಸಿದೆ. ಮೂಸಿ ನೋಡಿ, "ತಲೆ ಸ್ನಾನದ ವಾಸನೇನೇ" ಅಂತ ತೀರ್ಪು ಕೊಟ್ಟರು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಘಮ ಬೇಡದವರು ರಿಫೈನ್ಡ್ ತರುವುದು ಒಳ್ಳೆಯದು.

200 ಗ್ರಾಂ ಮೈದಾಕ್ಕೆ 90 ಗ್ರಾಂ ಗಟ್ಟಿ ಎಣ್ಣೆ, ಉಪ್ಪು, ಒಂದಿಷ್ಟು ಓಮ. ಬೆರಳ ತುದಿಯಲ್ಲಿ ಉಜ್ಜಿ ರವೆಯಂತಾದಾಗ ನಾಲ್ಕೈದು ಚಮಚ ತಣ್ಣೀರು. ನಾದಬಾರದು, ಒಟ್ಟುಗೂಡಿಸಿದರೆ ಸಾಕು. ಲಟ್ಟಿಸುವಾಗ ಹರಿದರೆ ಹರಿದ ಕಡೆಗೆ ತೇಪೆ ಹಾಕಿ.

ಹೂರಣಕ್ಕೆ ಬೇರೆ ಯೋಚನೆಯೇ ಬರಲಿಲ್ಲ. ಅದು ಅವರೆಕಾಯಿ ಕಾಲ. ದೇವರಾಜ ಮಾರುಕಟ್ಟೆಯಲ್ಲಿ ಕಾಯಿ ಕೊಳ್ಳುವವರು ಬೆಲೆ ಕೇಳುವ ಮೊದಲು ಮೂಗಿಗೆ ಹಿಡಿಯುತ್ತಾರೆ. ಸೊಗಡಿಲ್ಲದ ಅವರೆ ಯಾರಿಗೆ ಬೇಕು? ಬಿಡಿಸಿದ ಕಾಳನ್ನು ನೆನೆಸಿ ಹಿತಕಲು ಮೂರು ತಲೆಮಾರೂ ನಡುಮನೆಯಲ್ಲಿ ಕೂತೆವು. ಇಲ್ಲಿ ಅಮ್ಮನ ಬೆರಳು ನೋಡಬೇಕು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದ್ದೇ ತಡ, ಸಿಪ್ಪೆ ಬೆರಳಲ್ಲಿ, ಬೇಳೆ ಪಾತ್ರೆಯಲ್ಲಿ. ಹುಡುಗಿ ಒತ್ತಿದ ಬೇಳೆ ಟೀವಿ ಸ್ಟ್ಯಾಂಡಿನ ಕೆಳಗೆ. ಹಿತಕಿದ ಬೇಳೆ ಸಾರಿಗೆ ತುಪ್ಪ ಹಾಕಬೇಕು ಅನ್ನುವುದು ಬಿಟ್ಟರೆ ಅದರಲ್ಲಿ ಹಸುವಿನದು ಏನೂ ಇಲ್ಲ ಅಂತ ಅವಳು ಕಂಡುಹಿಡಿದಳು. ಅಮ್ಮ ಕೇಳಿಸದ ಹಾಗೆ ಹಿತಕುತ್ತಿದ್ದರು.

ಬೇಳೆಯನ್ನು ಮೆತ್ತಗೆ ಬೇಯಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪಿನ ಒಗ್ಗರಣೆಗೆ ಹಾಕಬೇಕು. ಇದೆಲ್ಲ ಒಟ್ಟಿಗೆ ಹಿಡಿದು ನಿಲ್ಲಲು ಕೀಶಿನಲ್ಲಿ ಮೊಟ್ಟೆ ಇರುತ್ತದೆ. ನಮಗೆ ಕಡಲೆಹಿಟ್ಟು ಇದೆ. ಮೈಸೂರು ಪಾಕಿನಲ್ಲಿ ತುಪ್ಪ ಕುಡಿದು ಕೂರುವ ಅದೇ ಹಿಟ್ಟು, ನೀರಲ್ಲಿ ಬೆಂದು ಆರಿದರೆ ಕತ್ತರಿಸುವ ಹಾಗೆ ಗಟ್ಟಿಯಾಗುತ್ತದೆ. ಅರ್ಧ ಲೋಟ ಹಿಟ್ಟಿಗೆ ಒಂದು ಲೋಟ ನೀರು, ಇಂಗು, ಅರಿಶಿನ, ಉಪ್ಪು. ಸಣ್ಣ ಉರಿಯಲ್ಲಿ ತಿರುವುತ್ತಾ ದಪ್ಪ ಗಂಜಿಯಾಗುವವರೆಗೆ ಬೇಯಿಸಿ ಆಮೇಲೆ ಬೇಳೆ ಬೆರೆಸಿ. ಹಸಿ ಹಿಟ್ಟನ್ನು ಸುಮ್ನೆ ಕಲಸಿ ಸುರಿದರೆ ಹಸಿ ವಾಸನೆ ಉಳಿಯುವ ಭಯ. ಇಂಗಿಗೆ ಜಿಪುಣತನ ಮಾಡಬೇಡಿ.

ಹಿಟ್ಟಿನ ಬಟ್ಟಲನ್ನು ಹೂರಣವಿಲ್ಲದೆ ಮೊದಲು ಬೇಯಿಸಿಕೊಳ್ಳಬೇಕು, ಇಲ್ಲದಿದ್ದರೆ ತಳ ಹಸಿಯಾಗಿ ಉಳಿಯುತ್ತದೆ. ಖಾಲಿ ಹಿಟ್ಟು ಉಬ್ಬದಿರಲಿ ಅಂತ ಮೇಲೆ ಕಾಗದ ಹಾಸಿ ಒಣಕಾಳು ತುಂಬುತ್ತಾರೆ. ಒಂದು ಡಬ್ಬಿ ಕಡಲೆಕಾಳು ಓವನ್ನಿಗೆ ಹೋಗುವುದನ್ನು ಅಮ್ಮ ನಿಂತು ನೋಡಿದರು. "ಅದನ್ನ ತಿನ್ನೋದಿಲ್ವಾ?" ಇಲ್ಲ, ಬರೀ ಭಾರಕ್ಕೆ. "ಭಾರಕ್ಕೆ ಕಲ್ಲು ಇಲ್ವೇನೇ ಊರಲ್ಲಿ?" 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಕಾಳು ತೆಗೆದು ಇನ್ನೈದು ನಿಮಿಷ, ಹೂರಣ ತುಂಬಿ ಮತ್ತೆ ಅರ್ಧ ಗಂಟೆ. ಆ ಕಾಳನ್ನು ಬೇಯಿಸಲು ಹೋಗಬೇಡಿ, ಮುಂದಿನ ಸಲದ ಭಾರಕ್ಕೆ ಬೇರೆ ಡಬ್ಬಿಯಲ್ಲಿಡಿ.

ಆಚೆ ತೆಗೆದ ಮೇಲೆ ಆರಲು ಬಿಡಬೇಕು, ಆಗಲೇ ಹೂರಣ ನಿಲ್ಲುವುದು. ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಮನೆಯಲ್ಲಿ ಯಾರಿಗೂ ತಾಳ್ಮೆ ಇಲ್ಲ, ವಾಸನೆ ಬೇರೆ ಹೊರಗೆ ಹೋಗಿತ್ತು. ಪಕ್ಕದ ಮನೆಯವರು ಸಕ್ಕರೆ ಕೇಳುವ ನೆಪದಲ್ಲಿ ಬಂದರು. ಕೊಟ್ಟ ತುಂಡಿನ ಅಂಚನ್ನು ಮೊದಲು ಮುರಿದು ಬಾಯಿಗೆ ಹಾಕಿಕೊಂಡು, "ನಿಪ್ಪಟ್ಟು ಇದ್ದ ಹಾಗಿದೆಯಲ್ರೀ" ಅಂದರು. ನನಗೆ ಖುಷಿಯಾಯಿತು. "ಬಾಣಲೇಲಿ ಕರಿದುಬಿಟ್ಟಿದ್ರೆ ಹತ್ತು ನಿಮಿಷಕ್ಕೆ ಆಗ್ತಿತ್ತಲ್ವಾ? ಕರೆಂಟೂ ಉಳೀತಿತ್ತು."

ಅಮ್ಮ ನನ್ನ ಕಡೆ ನೋಡಿ, ಅವರಿಗೆ ಇನ್ನೊಂದು ತುಂಡು ಹಾಕಿದರು.