ಮುಂಬಯಿಯ ಹುಡುಗರನ್ನು ಯಾವ ಊರಿಗೆ ಕಳಿಸುವುದು?

ನಮ್ಮ ಕರಾವಳಿಯಲ್ಲಿ ದಾರಿ ತಪ್ಪುತ್ತಿದ್ದ ಹುಡುಗನಿಗೆ ಹಿಂದೆ ಮನೆಯವರು ಕಂಡುಕೊಂಡಿದ್ದ ಉಪಾಯ ಒಂದೇ: ಮುಂಬಯಿ. ಇಸ್ಪೀಟಿಗೆ ಬಿದ್ದ, ಕೋಳಿ ಅಂಕದಲ್ಲಿ ಹೊಡೆದಾಡಿಕೊಂಡ, ಯಾರದೋ ಹಗೆ ಕಟ್ಟಿಕೊಂಡ ಎಂದರೆ, ಮಾಟುಂಗದಲ್ಲೋ ಫೋರ್ಟಿನಲ್ಲೋ ಹೋಟೆಲು ಇಟ್ಟಿದ್ದ ಸೋದರಮಾವನಿಗೆ ಕಾಗದ ಹೋಗುತ್ತಿತ್ತು. ವಾರದೊಳಗೆ ಹುಡುಗ ಇಲ್ಲಿ ಮುಂಬಯಿಯಲ್ಲಿ ಕಪ್ಪು ಬಸಿ ತೊಳೆಯುತ್ತಿದ್ದ.

ಅಂಥವರಿಗೆ ನಾನು ಫೋರ್ಟಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಕೆಲವು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಶಾಲೆಗೆ ಬರುವಾಗ ಅಂಗಿ ಬದಲಾಗಿರುತ್ತಿತ್ತು, ತಲೆ ಬಾಚಿರುತ್ತಿತ್ತು. ಬೆರಳ ತುದಿಗಳು ಮಾತ್ರ ಮೋರಿಯ, ಅಂದರೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಜಾಗದ, ನೀರಿನಲ್ಲಿ ನೆನೆದು ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಕೊನೆಯ ಪಿರಿಯಡ್ಡಿಗೆ ಅರ್ಧ ತರಗತಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿತ್ತು. ನಾನು ಎಬ್ಬಿಸುತ್ತಿರಲಿಲ್ಲ. ಒಬ್ಬನ ಮುಂಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಗಾಯದ ಗುರುತಿತ್ತು. ಕತ್ತಿ ಬೀಸಿದವರು ಊರಿನಲ್ಲಿದ್ದರು, ಇವನು ಇಲ್ಲಿದ್ದ. ಅವರ ಜಗಳ ಅಷ್ಟರಿಂದಲೇ ಮುಗಿದುಹೋಗಿತ್ತು.

ಇದನ್ನು ಹಾಡಿ ಹೊಗಳುವ ಮನಸ್ಸು ನನಗಿಲ್ಲ. ಮೋರಿಯಲ್ಲಿ ನಿಂತವರಲ್ಲಿ ಎಷ್ಟೋ ಮಂದಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಇಂದಿನ ಕಾನೂನಿನ ಪ್ರಕಾರ ಹದಿನಾಲ್ಕು ತುಂಬದವನನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಸಂಬಳ ಧಣಿಯ ಪುಸ್ತಕದಲ್ಲೇ ಉಳಿಯುತ್ತಿದ್ದದ್ದೂ ಉಂಟು. ಹಾಗೆ ಬಂದವರೆಲ್ಲ ಉದ್ಧಾರವಾದರು ಎನ್ನುವುದಕ್ಕೂ ಬಾಯಿ ಬರುವುದಿಲ್ಲ. ಎಂಬತ್ತು, ತೊಂಬತ್ತರ ದಶಕದ ಭೂಗತ ಲೋಕದ ಸುದ್ದಿಗಳಲ್ಲಿ ನಮ್ಮ ಕಡೆಯ ಹೆಸರುಗಳು ಸಾಕಷ್ಟು ಬಂದವು. ಆದರೂ ಮಲಗಲು ಜಾಗ, ಹೊಟ್ಟೆ ತುಂಬ ಊಟ, ಕೈತುಂಬ ಕೆಲಸ, ಗಲ್ಲಾದಲ್ಲಿ ಕುಳಿತು ಕಣ್ಣಿಡುವ ಒಬ್ಬ ಹಿರಿಯ, ಸಂಜೆಗೆ ಪಾಠ, ಇಷ್ಟೂ ಒಂದೇ ಕಡೆ ಸಿಗುತ್ತಿತ್ತು. ಹಳೆಯ ಸಹವಾಸ ಮಾತ್ರ ಒಂದು ದಿನದ ಪ್ರಯಾಣದಷ್ಟು ದೂರ.

ಹಾಗಾದರೆ ಮುಂಬಯಿಯಲ್ಲೇ ಹುಟ್ಟಿದವನು ಎಲ್ಲಿಗೆ ಹೋಗಬೇಕು? 1982ರ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಬೀದಿಗೆ ಬಿದ್ದಾಗ ಲಾಲ್‌ಬಾಗ್, ಪರೇಲಿನ ಚಾಳುಗಳ ಎಷ್ಟೋ ಹುಡುಗರನ್ನು ಮೊದಲು ಕೆಲಸಕ್ಕೆ ಕರೆದದ್ದು ಗ್ಯಾಂಗಿನವರು. ಈ ನಗರದಲ್ಲಿ ಇಂಥ ಹುಡುಗರನ್ನು ಕೂಡಿಹಾಕುವ ಗೋಡೆಗಳಿಗಂತೂ ಎಂದೂ ಬರವಿರಲಿಲ್ಲ. ಮಾಹಿಮಿನ ಡೇವಿಡ್ ಸಸೂನ್ ಸುಧಾರಣಾ ಶಾಲೆಯ ಮೂಲ 1857ಕ್ಕೆ ಹೋಗುತ್ತದೆ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇಡುವ ಡೋಂಗ್ರಿಯ ವೀಕ್ಷಣಾಲಯವಂತೂ ಹಿಂದೆ ಜೈಲೇ ಆಗಿತ್ತು. 1882ರಲ್ಲಿ ತಿಲಕ್ ಮತ್ತು ಆಗರ್‌ಕರ್ 101 ದಿನ ಸೆರೆಯಲ್ಲಿದ್ದದ್ದು ಅಲ್ಲೇ.

2015ರ ಬಾಲನ್ಯಾಯ ಕಾಯಿದೆ ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿಯಾಗಬೇಕು, ಆದಷ್ಟು ಬೇಗ ಮಗುವನ್ನು ಮನೆಗೆ ಸೇರಿಸಬೇಕು ಎನ್ನುತ್ತದೆ. ತತ್ವದಲ್ಲಿ ತಕರಾರಿಲ್ಲ. ಆದರೆ ಮನೆಗೆ ಮರಳಿದ ಹುಡುಗನ ಕೈಗೆ ಹಿಂದೆ ಚಾಪರ್ (ಮಚ್ಚು) ಕೊಟ್ಟು ಕಳಿಸಿದ್ದ ಗ್ಯಾಂಗಿನ 'ಭಾಯಿ' ಅದೇ ಚಾಳಿನ ಕೆಳಗೆ, ಪಾನಿನ ಅಂಗಡಿಯ ಮುಂದೆ ದಿನವೂ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾನೆ. ಕಾಗದದ ಮೇಲೆ ಹುಡುಗ ತಾಯಿಯ ಮಡಿಲು ಸೇರಿದ. ನಿಜದಲ್ಲಿ ಸೇರಿದ್ದು ಯಾರನ್ನು? ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ ಇಪ್ಪತ್ತೊಂದರವರೆಗೆ ನೆರವು ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಕೇಂದ್ರದ ವಾತ್ಸಲ್ಯ ಯೋಜನೆ ಇದಕ್ಕೆ ಇಟ್ಟಿರುವುದು ತಿಂಗಳಿಗೆ 4000 ರೂಪಾಯಿ. ಮುಂಬಯಿಯಲ್ಲಿ ಆ ಹಣಕ್ಕೆ ಒಂದು ಮಂಚ ಸಿಕ್ಕರೆ ಊಟಕ್ಕೆ ಉಳಿಯುವುದಿಲ್ಲ.

ಬರೀ ದೂರ ಕಳಿಸಿದರೆ ಆಯಿತೆ ಎಂದರೆ ಅದೂ ಅಲ್ಲ. ಮುಂಬಯಿ ಪ್ರಾಂತ್ಯ 1929ರಲ್ಲಿ ಬೋರ್ಸ್ಟಲ್ ಶಾಲೆಗಳ, ಅಂದರೆ ಅಪರಾಧ ಮಾಡಿದ ಹರೆಯದವರನ್ನು ಜೈಲಿನ ಬದಲು ಇಟ್ಟು ತಿದ್ದುವ ಶಾಲೆಗಳ, ಕಾಯಿದೆ ಮಾಡಿತು. ಆ ಶಾಲೆ ಇದ್ದದ್ದು ನಮ್ಮ ಧಾರವಾಡದಲ್ಲಿ. ಭಾಷೆ ತಿಳಿಯದ, ತನ್ನವರೆನ್ನುವವರಿಲ್ಲದ ಊರಿನಲ್ಲಿ ಗೋಡೆಯೊಳಗೆ ಇಟ್ಟರೆ ಅದು ಗಡಿಪಾರು. ಮಾವನ ಹೋಟೆಲಿನಲ್ಲಿ ಹುಡುಗನಿಗೆ ತನ್ನ ಮಾತು ಆಡುವವರಿದ್ದರು, ತಿಂಗಳ ಕೊನೆಗೆ ಮನೆಗೆ ಹಣ ಕಳಿಸುವ ಮರ್ಯಾದೆಯೂ ಇತ್ತು. ತೊಡಕು ಬೇರೆಯದೇ: ಹೋಟೆಲಿಟ್ಟ ಮಾವ ಇಲ್ಲದವನಿಗೆ, ಜಾತಿಬಂಧುಗಳು ಕೈಹಿಡಿಯದವನಿಗೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1971ರಿಂದ ನಡೆಯುತ್ತಿರುವ ಡೆಲಾನ್ಸಿ ಸ್ಟ್ರೀಟ್ ಎಂಬ ಪುನರ್ವಸತಿ ಸಂಸ್ಥೆ ಈ ಬಾಗಿಲನ್ನು ಬಂಧುಬಳಗದ ಹಂಗಿಲ್ಲದೆ ತೆರೆದಿದೆ. ಅಲ್ಲಿಗೆ ಬರುವವರು ಹೆಚ್ಚಾಗಿ ವಯಸ್ಕರು, ಜೈಲು ಕಂಡವರು, ವ್ಯಸನಕ್ಕೆ ಬಿದ್ದವರು. ಕಡಿಮೆಯೆಂದರೆ ಎರಡು ವರ್ಷ ಇರಬೇಕು. ಸಾಮಾನು ಸಾಗಿಸುವ ಕಂಪನಿಯಂಥ ಉದ್ಯಮಗಳನ್ನು ನಿವಾಸಿಗಳೇ ನಡೆಸುತ್ತಾರೆ. ಮೊದಲು ಬಂದವನು ಆಮೇಲೆ ಬಂದವನಿಗೆ ಕಲಿಸುತ್ತಾನೆ. ಹಳೆಯ ಮಾಣಿ ಹೊಸ ಮಾಣಿಗೆ ಒಂದೇ ಕೈಯಲ್ಲಿ ಆರು ಲೋಟ ಹಿಡಿಯಲು ಕಲಿಸಿದ ಹಾಗೆಯೇ. ಇಲ್ಲಿಯೂ ವಡಾಲದ ಡಾನ್ ಬಾಸ್ಕೊ ಆಸರೆ, 1990ರಿಂದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸುತ್ತಿರುವ 'ಪ್ರಯಾಸ್', ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ಓಣಿಯವರ ಸೇವಾ ಕೂಟ ಬೀದಿಯ, ಜೈಲಿನ ಹುಡುಗರ ಜೊತೆ ದುಡಿಯುತ್ತಾ ಬಂದಿವೆ. ಈ ಮಹಾನಗರಗಳ ಅಗತ್ಯದ ಮುಂದೆ ಅವು ಎಷ್ಟಕ್ಕೆ ಸಾಕು?

ಮುಂಬಯಿಯ ಹೋಟೆಲು ಮಾಲೀಕರಲ್ಲಿ ಇಂದಿಗೂ ನಮ್ಮವರು ದಂಡಿಯಾಗಿದ್ದಾರೆ. ಅನೇಕರ ಬಳಿ ಕೆಲಸಗಾರರು ತಂಗುವ ಕೋಣೆಗಳೂ ಇವೆ. ಹದಿನೆಂಟು ದಾಟಿದ ಇಬ್ಬಿಬ್ಬರನ್ನು ಒಬ್ಬೊಬ್ಬರು ಇಟ್ಟುಕೊಂಡು, ಕಾನೂನಿನ ಸಂಬಳ, ಭವಿಷ್ಯನಿಧಿ, ಸಂಜೆ ಪಾಠಕ್ಕೆ ಬಿಡುವು ಕೊಡಲಾಗದೆ? ಇದನ್ನು ಪರಿಚಯದ ಮಾಲೀಕರೊಬ್ಬರ ಮುಂದಿಟ್ಟೆ. "ಮಾಸ್ತರರೇ, ಅವನು ಗಲ್ಲಾಕ್ಕೆ ಕೈ ಹಾಕಿದರೆ ಜವಾಬ್ದಾರಿ ಯಾರದು?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಊರಿನ ಹುಡುಗನ ಹಿಂದೆ ಕಾಗದ ಬರೆದ ಮನೆಯೊಂದಿತ್ತು. ಡೋಂಗ್ರಿಯಿಂದ ಬರುವವನ ಹಿಂದೆ ನಿಲ್ಲಬೇಕಾದದ್ದು ಸರ್ಕಾರ: ಹೋದ ಹಣ ತುಂಬಿಕೊಡಬೇಕು, ವಾರಕ್ಕೊಮ್ಮೆ ಹೋಟೆಲಿಗೇ ಬಂದು ಅವನನ್ನೂ ಧಣಿಯನ್ನೂ ಮಾತನಾಡಿಸುವ ಒಬ್ಬ ಅಧಿಕಾರಿಯನ್ನು ಕೊಡಬೇಕು. ಅಷ್ಟು ಬರಹದಲ್ಲಿ ಸಿಕ್ಕರೆ ಇಬ್ಬರನ್ನು ಇಟ್ಟುಕೊಳ್ಳಲು ಸಿದ್ಧ ಎಂದರು ಅವರು. ಮೊದಲ ಆರು ತಿಂಗಳು ಗಲ್ಲಾದ ಹತ್ತಿರ ಬಿಡುವುದಿಲ್ಲ ಎಂಬ ಷರತ್ತಿನ ಮೇಲೆ.