ರಸಿಕ ಎಂದದ್ದೇ ತಪ್ಪಾಯಿತು

ಗೆಳೆಯನ ಮಗನಿಗೆ ಒಂದು ಸಂಬಂಧ ಬಂದಿತ್ತು. ಹುಡುಗಿಯ ಸೋದರತ್ತೆ ನನಗೆ ಫೋನ್ ಮಾಡಿ, 'ಹುಡುಗನನ್ನು ನೀವು ಚಿಕ್ಕಂದಿನಿಂದ ನೋಡಿದ್ದೀರಂತಲ್ಲ, ಹೇಗೆ?' ಎಂದು ವಿಚಾರಿಸಿದರು. ಓದು, ನೌಕರಿ, ಸ್ವಭಾವ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ರಾಮನವಮಿ ಬಂತೆಂದರೆ ಸಂಜೆಗಳನ್ನೆಲ್ಲ ಸಂಗೀತ ಕಚೇರಿಯ ಪೆಂಡಾಲಿನಲ್ಲೇ ಕಳೆಯುವ ಆ ಹುಡುಗನ ಗುಣವನ್ನು ಒಂದೇ ಮಾತಿನಲ್ಲಿ ತಿಳಿಸಿಬಿಡೋಣವೆಂದು, 'ಒಳ್ಳೆಯ ರಸಿಕನಮ್ಮಾ' ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. 'ಹಾಗಾ' ಎಂದವರು ಮತ್ತೇನೂ ಕೇಳದೆ ಫೋನ್ ಇಟ್ಟರು. ಎಂಟು ದಿನಗಳ ನಂತರ ಜಾತಕ ಕೂಡುವುದಿಲ್ಲವೆಂಬ ಸುದ್ದಿ ಬಂತು. ಅದೇ ಜಾತಕದಲ್ಲಿ ಅದಕ್ಕೆ ಮೊದಲು 36ರಲ್ಲಿ 28 ಗುಣಗಳು ಕೂಡಿದ್ದವು.

ಈ ಪದದ ಮಾನ ಹೋದದ್ದು ಯಾವಾಗಲೋ! ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲಿ 'ರಸಿಕೋ ನಟಃ' ಎಂಬ ಉದಾಹರಣೆಯಿದೆ. ಅಲ್ಲಿ ರಸಿಕನೆಂದರೆ ರಂಗದ ಮೇಲಿರುವವನೇ ಹೊರತು ಎದುರು ಕುಳಿತು ತಲೆದೂಗುವವನಲ್ಲ. ನಟನ ಸೊತ್ತಾಗಿದ್ದ ರಸ ನಮ್ಮಂತಹ ಪ್ರೇಕ್ಷಕರ ಪಾಲಿಗೂ ಬಂತಲ್ಲ ಎಂದು ನಾನು ಹಿಗ್ಗಬಹುದಿತ್ತು, ಆದರೆ ಪದ ಅಲ್ಲಿಗೂ ನಿಲ್ಲದೆ ಇನ್ನೂ ಕೆಳಗೆ ಜಾರಿತು. ಈಗ ಕಣ್ಣು ಮಿಟುಕಿಸದೆ ಯಾರೂ ಅದನ್ನು ಉಚ್ಚರಿಸುವುದಿಲ್ಲ.

ಅದರ ಬದಲಿಗೆ 'ಸಹೃದಯ' ಎನ್ನಬಹುದಿತ್ತಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಕಾವ್ಯವನ್ನು ಮತ್ತೆ ಮತ್ತೆ ಓದಿ ಕನ್ನಡಿಯಂತೆ ತಿಳಿಯಾದ ಮನಸ್ಸುಳ್ಳವನು, ವರ್ಣಿಸಿದ್ದರಲ್ಲಿ ತನ್ಮಯನಾಗಬಲ್ಲವನು ಮಾತ್ರ ಸಹೃದಯ ಎಂದು ಕಾವ್ಯಮೀಮಾಂಸಕ ಅಭಿನವಗುಪ್ತ ಕಟ್ಟುಪಾಡು ಹಾಕಿದ್ದಾನೆ. ನಮ್ಮ ನಿರೂಪಕರಾದರೋ ಕುರ್ಚಿಯಲ್ಲಿ ಕುಳಿತವರೆಲ್ಲರನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಹಾಡು ನಿಂತು ತಾಳವಾದ್ಯವಷ್ಟೇ ನುಡಿಯುವ ತನಿ ಆವರ್ತನವನ್ನು ಮೃದಂಗದವರು ಆರಂಭಿಸಿದ ಕೂಡಲೇ ಮಂಡಿ ಒರಸಿಕೊಂಡು ನನ್ನ ಕಾಲು ತುಳಿದು ಕಾಫಿಗೆ ಹೊರಡುವ ಸಹೃದಯರನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಒಬ್ಬರಂತೂ ಹಿಂದಿರುಗಿ ಬರುವಾಗ, 'ಮುಗೀತಾ ಅದು?' ಎಂದು ನನ್ನನ್ನೇ ಕೇಳಿದರು. ಮುಗಿದಿರಲಿಲ್ಲ, ಆದರೂ 'ಮುಗಿಯಿತು' ಎಂದು ಹೇಳಿ ಮತ್ತೆ ಕಾಲು ತುಳಿಸಿಕೊಂಡೆ.

ಅಭಿಮಾನಿ ಎನ್ನೋಣವೆಂದರೆ, ಸಾಂಖ್ಯ ದರ್ಶನದ ಗ್ರಂಥವಾದ ಸಾಂಖ್ಯಕಾರಿಕೆ 'ಅಭಿಮಾನೋಽಹಂಕಾರಃ', ಅಭಿಮಾನವೇ ಅಹಂಕಾರ, ಎನ್ನುತ್ತದೆ. ಅಷ್ಟು ಸೊಕ್ಕಿನ ಪದವನ್ನು ರಾಜ್‌ಕುಮಾರ್ ಅವರು 'ಅಭಿಮಾನಿ ದೇವರುಗಳು' ಎಂದು ಕೈಮುಗಿದು ಮೃದುಗೊಳಿಸಿದರು. ಆದರೆ ವರನನ್ನು ಪರಿಚಯಿಸುವಾಗ ಆ ಪದವನ್ನು ಬಳಸಿದರೆ, ಯಾವ ನಟನ ಕಟೌಟಿಗೆ ಹಾಲು ಸುರಿಯುತ್ತಾನೆ ಎಂದು ಕೇಳಿಯಾರು.

ಮುಂದಿನ ಸಂಬಂಧದವರು ವಿಚಾರಿಸಿದಾಗ ಎಚ್ಚರ ವಹಿಸಿ, 'ಹುಡುಗನಿಗೆ ಸಂಗೀತವೆಂದರೆ ಹುಚ್ಚು' ಎಂದೆ. 'ಒಳ್ಳೆಯದೇ ಆಯಿತು ಬಿಡಿ' ಎಂದರು ಹುಡುಗಿಯ ತಾಯಿ. ರಸಿಕನಿಗೆ ಹೆಣ್ಣು ಕೊಡಲು ಹಿಂಜರಿಯುವ ಜನ ಹುಚ್ಚನಿಗೆ ಸಂತೋಷದಿಂದ ಕೊಡುತ್ತಾರೆ! ಇಂಗ್ಲಿಷಿನ ಫ್ಯಾನ್ ಕೂಡ ಇದೇ ಮನೆತನದ ಪದ. ಗುಡಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೊರಟು, ಮೈಮೇಲೆ ದೇವರು ಬಂದವನಂತೆ ಆಡುವವನಿಗೆ ಅಂಟಿಕೊಂಡ 'ಫೆನಾಟಿಕ್' ಎಂಬುದರ ತುಂಡು ಅದು.

ಮದುವೆಯ ದಿನ ಮುಹೂರ್ತಕ್ಕೆ ಇನ್ನೂ ಹೊತ್ತಿದ್ದಾಗ ವಾಲಗದವರು ಕಲ್ಯಾಣಿ ರಾಗದಲ್ಲಿ ಒಂದು ಕೀರ್ತನೆಯನ್ನು ಎತ್ತಿಕೊಂಡರು. ಹಸೆಮಣೆಯ ಮೇಲಿದ್ದ ಹುಡುಗ ಪಂಚೆಯ ಅಂಚಿನ ಮೇಲೆ ಬೆರಳು ಮಡಚುತ್ತ ಆದಿತಾಳ ಎಣಿಸತೊಡಗಿದ. 'ಕೈ ಸುಮ್ಮನಿಡಪ್ಪ, ಮೊದಲು ಅಕ್ಷತೆ ಹಿಡಿ' ಎಂದು ಪುರೋಹಿತರು ಗದರಿದರು. ಅವನು ಎಡಗೈಯಲ್ಲಿ ಎಣಿಕೆಯನ್ನು ಮುಂದುವರಿಸುತ್ತಲೇ ಬಲಗೈ ಚಾಚಿದ.