ಮನೆ ಕೊಳ್ಳಲು ಬ್ರೋಕರ್ ಬೇಕೇ?

ಪರ

ಬೆಂಗಳೂರಿನಲ್ಲಿ ಹಳೇ ಮನೆ ಹುಡುಕಲು ಹೊರಟವರಿಗೆಲ್ಲ ಮೊದಲು ಸಿಗುವ ಉಪದೇಶ: ‘ಬ್ರೋಕರ್ ಸಹವಾಸ ಬೇಡ, ನೇರವಾಗಿ ಓನರ್ ಹತ್ರ ಮಾತಾಡಿ.’ ಕೇಳಲು ಚೆನ್ನಾಗಿದೆ. ಆದರೆ ಒಳ್ಳೇ ಮನೆಗಳು ಬೋರ್ಡು ನೇತುಹಾಕಿಕೊಂಡು ಕಾಯುವುದಿಲ್ಲ. ಮಕ್ಕಳು ಹೊರದೇಶದಲ್ಲಿ ನೆಲೆಸಿದ ಮೇಲೆ ಮನೆ ಮಾರಬೇಕೆಂದುಕೊಂಡ ವೃದ್ಧ ದಂಪತಿ ಅದನ್ನು ಊರಿಗೆಲ್ಲ ಸಾರುವುದಿಲ್ಲ, ಪರಿಚಯದ ಬ್ರೋಕರ್ ಕಿವಿಗೆ ಹಾಕಿರುತ್ತಾರೆ.

ಒಂದೇ ಬಡಾವಣೆಯಲ್ಲಿ ಓಡಾಡಿ ಪಳಗಿದವನಿಗೆ ಕಾಗದಪತ್ರದಲ್ಲಿ ಕಾಣದ ಸಂಗತಿಗಳು ಗೊತ್ತಿರುತ್ತವೆ. ಕಾವೇರಿ ನೀರು ವಾರಕ್ಕೆಷ್ಟು ದಿನ ಬರುತ್ತದೆ, ಜೋರು ಮಳೆಗೆ ಯಾವ ಮನೆಯ ಸಂಪಿನೊಳಕ್ಕೆ ಚರಂಡಿ ನೀರು ನುಗ್ಗುತ್ತದೆ ಎಂಬುದೆಲ್ಲ. ಇಸಿಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಓನರ್ ಆಗಲೇ ಇನ್ನೊಬ್ಬರಿಂದ ಅಡ್ವಾನ್ಸ್ ಪಡೆದು, ನೋಂದಣಿ ಮಾಡಿಸದ ಕರಾರಿಗೆ ಸಹಿ ಹಾಕಿದ್ದರೆ ಅದು ಅಲ್ಲಿರುವುದಿಲ್ಲ. ಮದುವೆಯಾಗಿ ಹೋದ ತಂಗಿ ಪಾಲು ಕೇಳುತ್ತಿದ್ದಾಳೆ ಎಂಬುದೂ ಇರುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಒಂದು ಸಹಿ ತಪ್ಪಿದರೂ ಕೊಂಡವರು ಕೋರ್ಟು ಅಲೆಯಬೇಕು. ‘ಅಲ್ಲಿ ಅಣ್ಣತಮ್ಮಂದಿರ ಗಲಾಟೆ ಇದೆ ಸಾರ್, ಬಿಟ್ಬಿಡಿ’ ಎಂದು ಒಬ್ಬ ಬ್ರೋಕರ್ ಹೇಳಿದರೆ ಅವನ ಕಮಿಷನ್ ಅಷ್ಟಕ್ಕೇ ವಸೂಲಾಯಿತು.

ಇನ್ನು ಚೌಕಾಸಿ. ಓನರ್ 90 ಲಕ್ಷ ಎಂದರು, ನೀವು 80 ಎಂದಿರಿ. ಎದುರುಬದುರು ಕೂತಿದ್ದರೆ ‘ಇದು ನಮ್ಮಪ್ಪ ಕಟ್ಟಿಸಿದ ಮನೆ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಬ್ರೋಕರ್ ಆದರೆ ಅವರನ್ನು ಪಕ್ಕಕ್ಕೆ ಕರೆದು ಅಡುಗೆಮನೆ ಗೋಡೆಯ ತೇವ ತೋರಿಸುತ್ತಾನೆ, ‘ಪಾರ್ಟಿಗೆ ಲೋನ್ ಸ್ಯಾಂಕ್ಷನ್ ಆಗಿದೆ’ ಎನ್ನುತ್ತಾನೆ. ನಿಮ್ಮ ಹತ್ತಿರ ಬಂದು ಇನ್ನೆರಡು ಲಕ್ಷ ಏರಿಸಿ ಎನ್ನುತ್ತಾನೆ. ಯಾರ ಮರ್ಯಾದೆಗೂ ಪೆಟ್ಟಿಲ್ಲ.

ವಿರೋಧ

ಆ ಎರಡು ಲಕ್ಷವನ್ನೇ ನೋಡೋಣ. 80 ಲಕ್ಷದ ಮನೆಗೆ ಶೇ. 1ರಂತೆ ಕಮಿಷನ್ 80 ಸಾವಿರ, ಅದೂ ಎರಡೂ ಕಡೆಯಿಂದ. ನಿಮಗೆ ಎರಡು ಲಕ್ಷ ಉಳಿಸಿಕೊಟ್ಟರೆ ನಿಮ್ಮ ಕಡೆಯಿಂದ ಅವನಿಗೆ ಬರುವುದರಲ್ಲಿ ಎರಡು ಸಾವಿರ ಖೋತಾ. ವ್ಯಾಪಾರ ಮುರಿದರೆ ಕೈಗೆ ಏನೂ ಇಲ್ಲ. ಅಣ್ಣತಮ್ಮಂದಿರ ಗಲಾಟೆ ಬ್ರೋಕರ್‌ಗೆ ಗೊತ್ತಿರುತ್ತದೆ, ಒಪ್ಪೋಣ. ಆದರೆ ಅದನ್ನು ಹೇಳುವುದರಿಂದ ಅವನಿಗೆ ನಷ್ಟವೇ. ಹಾಗಾಗಿ ನಮ್ಮ ಕಿವಿಗೆ ಹೆಚ್ಚಾಗಿ ಬೀಳುವುದು ಬೇರೆ ಮಾತು: ‘ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಟೋಕನ್ ಕೊಟ್ಬಿಡಿ.’ ಬಿ ಖಾತಾ (ನಿಯಮಬದ್ಧವಲ್ಲದ ಆಸ್ತಿಗಳ ಪಾಲಿಕೆ ದಾಖಲೆ) ಮನೆಯಾದರೆ ‘ಮುಂದೆ ಎ ಆಗುತ್ತೆ ಬಿಡಿ’ ಎಂಬ ಭರವಸೆ ಬೇರೆ.

ವಿಸಿಟಿಂಗ್ ಕಾರ್ಡಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಂಬರ್ ಇದೆ ಎಂದು ನೆಮ್ಮದಿಪಡುವವರಿದ್ದಾರೆ. 2016ರ ಆ ಕಾಯ್ದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿರುವುದು ರೇರಾದಲ್ಲಿ ನೋಂದಾಯಿತವಾದ ಯೋಜನೆಗಳ ಫ್ಲ್ಯಾಟು, ಸೈಟುಗಳ ಮಾರಾಟಕ್ಕೆ. ಎದುರು ಬೀದಿಯ ಮೂವತ್ತು ವರ್ಷದ ಮನೆ ಕೊಡಿಸುವವನಿಗೆ ಅದರ ಹಂಗಿಲ್ಲ. ಕೊಂಡ ಮೇಲೆ ಫೋನ್ ಎತ್ತದಿದ್ದರೆ ಯಾರಿಗೆ ದೂರು ಕೊಡುತ್ತೀರಿ?

ಇಸಿಯನ್ನು ಈಗ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಪಡೆಯಬಹುದು. ನೋಂದಣಿಗೆ ಇ-ಖಾತಾ (ಡಿಜಿಟಲ್ ಖಾತಾ) ಕಡ್ಡಾಯವಾದ ಮೇಲೆ ಖಾತಾ ಯಾರ ಹೆಸರಲ್ಲಿದೆ ಎಂಬುದಕ್ಕೂ ಮಧ್ಯವರ್ತಿ ಬೇಕಿಲ್ಲ. ಮೂಲ ಪತ್ರಗಳನ್ನು ಓದಿಸಲು ವಕೀಲರಿಗೆ ಶುಲ್ಕ ಕೊಡಿ. ನೀವು ಮನೆ ಕೊಂಡರೂ ಬಿಟ್ಟರೂ ಅವರ ದುಡ್ಡು ಅಷ್ಟೇ. (ಬ್ರೋಕರ್ ‘ನಮ್ಮ ಲಾಯರ್ರೇ ಇದ್ದಾರೆ’ ಎಂದರೆ ನಯವಾಗಿ ಬೇಡ ಎನ್ನಿ.) ನೀರಿನ ಕಥೆ ಬೇಕಾದರೆ ಪಕ್ಕದ ಮನೆಯವರನ್ನು ಕೇಳಿ, ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಹೇಳುತ್ತಾರೆ. ತಂಗಿಯ ಸಹಿಯ ಅನುಮಾನಕ್ಕೆ ಓನರ್ ಬಳಿ ವಂಶವೃಕ್ಷ ಕೇಳಿ. ಕೊಡಲು ಮೀನಮೇಷ ಎಣಿಸಿದರೆ, ಎಂಥ ಬ್ರೋಕರ್ ಜೊತೆಗಿದ್ದರೂ ಟೋಕನ್ ಕೊಡಬೇಡಿ.